ಯುರೋಪಿನ ಹಳೆಯ ಬೇಟೆ ರೈಫಲ್ಲುಗಳು: ನಳಿಗೆಯ ಉದ್ದ, ರಚನೆ ಮತ್ತು ಕಾಳಿ ನದಿ ಸೀಮೆಯ ಕಾಡು

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದು, ಹೊರಬೀಳುವ ಗುಂಡು ಬುಗುರಿಯಂತೆ ತಿರುಗುತ್ತ ನೇರಕ್ಕೆ ಹೋಗುವಂತೆ ಮಾಡಿದ ಕೋವಿಯೇ ರೈಫಲ್. ಸೇನೆಗಲ್ಲದೆ ಬೇಟೆಗೆಂದೇ ಇಂಗ್ಲೆಂಡ್, ಸ್ಕಾಟ್ಲೆಂಡ್, ಜರ್ಮನಿ, ಆಸ್ಟ್ರಿಯ ಮತ್ತು ಬೆಲ್ಜಿಯಂಗಳ ಕುಶಲಕರ್ಮಿಗಳು ಸುಮಾರು 1850ರಿಂದ ಎರಡನೆಯ ಮಹಾಯುದ್ಧದವರೆಗೆ ತಯಾರಿಸಿದ ರೈಫಲ್ಲುಗಳ ಪರಿಚಯ ಈ ಲೇಖನದಲ್ಲಿದೆ. ಇವುಗಳ ದೊಡ್ಡ ಮಾರುಕಟ್ಟೆಗಳಲ್ಲಿ ಭಾರತವೂ ಒಂದು. ಆದ್ದರಿಂದ ಇವನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ನಾಲ್ಕಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳ ಕಾಡನ್ನು ಮುಂದಿಟ್ಟುಕೊಂಡು ನೋಡಲಾಗಿದೆ. ಇಂಗ್ಲೆಂಡಿನ ಕ್ಯಾಟಲಾಗುಗಳು ಹೊಗಳಿದ ಗುಣಗಳೆಲ್ಲ ಈ ಕಾಡಿಗೆ ಬೇಕಾದವಾಗಿರಲಿಲ್ಲ. ನಳಿಗೆ ಉದ್ದವಾದಷ್ಟೂ ಕೋವಿ ಶ್ರೇಷ್ಠ ಎಂಬ ನಂಬಿಕೆಯಂತೂ ಇಲ್ಲಿ ನಿಲ್ಲುವುದಿಲ್ಲ.

ಕಾಡಿನ ಸ್ವರೂಪ

ನಾಲ್ಕೂ ತಾಲ್ಲೂಕುಗಳ ಕಾಡು ಒಂದೇ ಬಗೆಯದಲ್ಲ. ಮುಂಡಗೋಡ ಮತ್ತು ಹಳಿಯಾಳದ ಪೂರ್ವ ಭಾಗ ಬಯಲುಸೀಮೆಗೆ ತಾಗಿಕೊಂಡಿದ್ದು, ಅಲ್ಲಿ ತೇಗ, ಮತ್ತಿ, ಬಿದಿರುಗಳ ಎಲೆ ಉದುರುವ ಕಾಡು, ನಡುನಡುವೆ ಕೆರೆ ಮತ್ತು ಭತ್ತದ ಗದ್ದೆ. ಬೇಸಿಗೆಯಲ್ಲಿ ನೂರು ಗಜ ದೂರ ಕಣ್ಣು ಹಾಯುವ ಜಾಗಗಳು ಸಿಗುತ್ತವೆ. ದಾಂಡೇಲಿ ದಾಟಿ ಜೋಯಿಡಾ, ಅಣಶಿ, ಕ್ಯಾಸಲ್‌ರಾಕ್ ಕಡೆಗೆ ನಡೆದರೆ ಕಾಡು ಒತ್ತಾಗಿ ನಿತ್ಯಹಸುರಾಗುತ್ತದೆ. ಕ್ಯಾಸಲ್‌ರಾಕಿನಲ್ಲಿ ವರ್ಷದ ಮಳೆ 5000 ಮಿಲಿಮೀಟರು ದಾಟುತ್ತದೆ. ಇಲ್ಲಿ ಕಾಡುಕೋಣ ಕಣ್ಣಿಗೆ ಬೀಳುವುದು ಮೂವತ್ತು, ನಲವತ್ತು ಗಜದಲ್ಲಿ. ಬಿದಿರು ಮೆಳೆಯಲ್ಲಾದರೆ ಇನ್ನೂ ಹತ್ತಿರ. ಕಡವೆ, ಚುಕ್ಕೆಜಿಂಕೆ, ಕಾಡುಕುರಿ, ಬರ್ಕ, ಹಂದಿ, ಕರಡಿ, ಚಿರತೆ, ಹುಲಿ ಎಲ್ಲವೂ ಒಂದೇ ಸೀಮೆಯೊಳಗಿದ್ದವು. ಒಂದೇ ಬೆಳಗಿನಲ್ಲಿ ಕಾಡುಕೋಳಿಯೂ ಕಾಡುಕೋಣವೂ ಎದುರಾಗಬಹುದಾದ ಕಾಡಿಗೆ ಯಾವ ಕೋವಿ ಒಯ್ಯುವುದು ಎಂಬುದು ಬೇಟೆಗಾರನ ನಿತ್ಯದ ತಲೆಬಿಸಿ.

ಆಡಳಿತದ ಚರಿತ್ರೆಯೂ ಇಲ್ಲಿ ಮುಖ್ಯ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೂ ಅಲ್ಲೇ ಇತ್ತು. ಹಾಗಾಗಿ ಇಲ್ಲಿನ ಅರಣ್ಯ, ಕಂದಾಯ ಮತ್ತು ಪೊಲೀಸ್ ಅಧಿಕಾರಿಗಳ ಕೋವಿ, ತೋಟೆಗಳು ಬರುತ್ತಿದ್ದ ದಾರಿ ಮುಂಬಯಿ. ಆರ್ಮಿ ಅಂಡ್ ನೇವಿ ಸ್ಟೋರ್ಸ್‌ನಂಥ ಲಂಡನ್ ಅಂಗಡಿಗೆ ಮುಂಬಯಿಯಲ್ಲೇ ಶಾಖೆ ಇತ್ತು. ಮೈಸೂರು, ಕೊಡಗುಗಳ ಬೇಟೆಯ ಕಥೆ ಬೇರೆ: ಅಲ್ಲಿ ಅರಮನೆಯಿತ್ತು, ಆನೆ ಹಿಡಿಯುವ ಖೆಡ್ಡಾ ಇತ್ತು, ಚರ್ಮ ಹದಮಾಡುವ ವ್ಯಾನ್ ಇಂಗೆನ್ ಸಂಸ್ಥೆಯಿತ್ತು. ಉತ್ತರ ಕನ್ನಡದಲ್ಲಿ ಬೇಟೆ ನೌಕರಿಯ ಬೆನ್ನಿಗಂಟಿಕೊಂಡ ಹವ್ಯಾಸ. ತೇಗದ ಮರ ಎಣಿಸಲು ಬಂದವರು ತಂಗುದಾಣದಿಂದ ತಂಗುದಾಣಕ್ಕೆ ಕೋವಿಯನ್ನೂ ಹೊತ್ತು ತಿರುಗಿದರು.

ಗೋವೆಯ ಕೋವಿ, ಜರ್ಮನಿಯ ರೈಫಲ್

ಯುರೋಪಿನ ಕೋವಿ ಈ ಸೀಮೆಗೆ ಇಂಗ್ಲಿಷರಿಗಿಂತ ಬಹಳ ಮುಂಚೆಯೇ ಬಂದಿತ್ತು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದ ಮೇಲೆ ಅಲ್ಲಿನ ಕಮ್ಮಾರಸಾಲೆಗಳಲ್ಲಿ ಯುರೋಪಿನ ಮತ್ತು ಸ್ಥಳೀಯ ಕಸುಬುಗಳು ಬೆರೆತು ಬತ್ತಿಯ ಕೋವಿಗಳು ತಯಾರಾದವು. ಜೋಯಿಡಾ ಗಡಿಗೆ ಹೊಂದಿಕೊಂಡದ್ದೇ ಗೋವೆ. ಆದರೆ ಅವು ಒಳಗೆ ಗೀರಿಲ್ಲದ ನುಣುಪು ನಳಿಗೆಯವು, ರೈಫಲ್ಲುಗಳಲ್ಲ. ನಳಿಗೆ ಮಾತ್ರ ಬಲು ಉದ್ದ. ನಾಲ್ಕು ಅಡಿಯದೂ ಅಪರೂಪವಲ್ಲ. ಮುಂದೆ ಹಳ್ಳಿಗಳಲ್ಲಿ ಬಳಕೆಗೆ ಬಂದ ಕೇಪಿನ ಕೋವಿಯೂ ಇದೇ ಉದ್ದನೆಯ ವಂಶದ್ದು. ಕೋವಿಯ ಉದ್ದಕ್ಕೂ ಗತ್ತಿಗೂ ಜನ ನಂಟು ಕಟ್ಟಿದ್ದರೆ ಅದಕ್ಕೆ ಇವೇ ಕಾರಣವಿರಬೇಕು.

ರೈಫಲ್ಲಿನ ತವರು ಜರ್ಮನ್ ಭಾಷೆಯ ನಾಡುಗಳು. ಅಲ್ಲಿನ ಕಾಡುಗಾವಲಿನವರ ‘ಯೇಗರ್’ ರೈಫಲ್ ಹದಿನೆಂಟನೆಯ ಶತಮಾನದಲ್ಲೇ ಗಿಡ್ಡ, ದಪ್ಪ ನಳಿಗೆಯದಾಗಿತ್ತು. ಅದರ ಉದ್ದ ಬಹುಮಟ್ಟಿಗೆ 26ರಿಂದ 30 ಇಂಚು. ಕಾಡಿನಲ್ಲಿ ತಿರುಗುವವನಿಗೆ ಗಿಡ್ಡ ನಳಿಗೆಯೇ ಅನುಕೂಲ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಬ್ರಿಟಿಷ್ ಸೇನೆ 1800ರ ಸುಮಾರಿಗೆ ತೆಗೆದುಕೊಂಡ ಬೇಕರ್ ರೈಫಲ್ಲಿಗೆ ಇದೇ ಮಾದರಿ. ಅದರ ನಳಿಗೆ 30 ಇಂಚು. ಅದೇ ಹೊತ್ತಿನಲ್ಲಿ ಬಂಡುಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿದ್ದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಠಾಣ್ಯದ ಹೆಸರು ಬರುತ್ತದೆ. ಆಗಿನ ಸಾಮಾನ್ಯ ಸಿಪಾಯಿಯ ಹೆಗಲಿನಲ್ಲಿದ್ದದ್ದು ಮಾತ್ರ ನುಣುಪು ನಳಿಗೆಯ ಮಸ್ಕೆಟ್.

ಕರಿಮದ್ದಿನ ಕಾಲ

1890ರ ದಶಕದವರೆಗೆ ಬೇಟೆ ರೈಫಲ್ಲುಗಳಲ್ಲಿ ಉರಿದದ್ದು ಇದ್ದಿಲು, ಗಂಧಕ ಮತ್ತು ಪೆಟ್ಲುಪ್ಪುಗಳ ಕರಿಮದ್ದು. ಈ ಮದ್ದಿನಿಂದ ಗುಂಡಿಗೆ ಹೆಚ್ಚು ವೇಗ ಕೊಡುವುದು ಕಷ್ಟ. ಆದ್ದರಿಂದ ದೊಡ್ಡ ಪ್ರಾಣಿ ಬೀಳಬೇಕಾದರೆ ಗುಂಡೇ ದೊಡ್ಡದಾಗಬೇಕಿತ್ತು. ಆಗಿನ ಅಳತೆ ‘ಬೋರ್’. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರೆದರೆ ಒಂದು ಗುಂಡು ಹಿಡಿಸುವ ನಳಿಗೆ 12 ಬೋರ್, ಎಂದರೆ ಸುಮಾರು 18.5 ಮಿ.ಮೀ.; ಎಂಟಾಗಿ ಎರೆದರೆ 8 ಬೋರ್, ಸುಮಾರು 21 ಮಿ.ಮೀ. ಅಂಕಿ ಇಳಿದಂತೆ ಬಾಯಿ ಹಿಗ್ಗುತ್ತದೆ. ಮೈಸೂರಿನಲ್ಲಿ ಖೆಡ್ಡಾ ಆರಂಭಿಸಿದ ಜಿ.ಪಿ. ಸ್ಯಾಂಡರ್ಸನ್ ಆನೆ, ಕಾಡುಕೋಣಗಳಿಗೆ 4 ಮತ್ತು 8 ಬೋರಿನ ಕೋವಿಗಳನ್ನು ಬಳಸಿದವನು. 1878ರ ಅವನ ಗ್ರಂಥದಲ್ಲಿ ಆ ವಿವರಗಳಿವೆ. 8 ಬೋರಿನ ಜೋಡು ನಳಿಗೆ ರೈಫಲ್ ಏಳು ಕಿಲೋ ತೂಗುವುದುಂಟು. ಅದನ್ನು ಹೊತ್ತುಕೊಂಡು ಹಿಂದೆ ನಡೆಯುವ ಆಳು ಬೇರೆ. ಬೇಟೆಯ ಬರಹಗಳಲ್ಲಿ ಆ ಆಳಿನ ಹೆಸರು ಬರುವುದು ಅಪರೂಪ.

ಇದಕ್ಕೆ ಪರ್ಯಾಯವಾಗಿ ಬಂದದ್ದು ‘ಎಕ್ಸ್‌ಪ್ರೆಸ್’ ರೈಫಲ್. ಲಂಡನ್ನಿನ ಜೇಮ್ಸ್ ಪರ್ಡಿ 1856ರಲ್ಲಿ ತನ್ನ ಹಗುರ ಗುಂಡಿನ, ಹೆಚ್ಚು ಮದ್ದಿನ ರೈಫಲ್ಲಿಗೆ ಎಕ್ಸ್‌ಪ್ರೆಸ್ ರೈಲಿನ ಹೆಸರಿಟ್ಟ. .450, .500, .577 ಇಂಚು ಅಳತೆಯ ಎಕ್ಸ್‌ಪ್ರೆಸ್‌ಗಳು ಹುಲಿ, ಕಡವೆಗಳಿಗೆ ಹೇಳಿ ಮಾಡಿಸಿದವು ಎನಿಸಿಕೊಂಡವು. ಇವುಗಳ ನಳಿಗೆ ಸಾಮಾನ್ಯವಾಗಿ 26ರಿಂದ 28 ಇಂಚು, ಅಂದರೆ 66ರಿಂದ 71 ಸೆಂ.ಮೀ. ಎಕ್ಸ್‌ಪ್ರೆಸ್ ಗುಂಡಿನ ತುದಿ ಟೊಳ್ಳು. ಮೈಗೆ ತಾಗಿದೊಡನೆ ಅರಳುತ್ತದೆ. ತೆಳುಚರ್ಮದ ಹುಲಿಗೆ ಇದು ಸರಿ. ಕಾಡುಕೋಣದ ಹೆಗಲಿಗೆ ಹೊಡೆದರೆ ಎಲುಬು ಮುಟ್ಟುವ ಮೊದಲೇ ಒಡೆದು ಗಾಯವಷ್ಟೇ ಆಗುತ್ತದೆ. ಗಾಯಗೊಂಡ ಕೋಣವನ್ನು ಬಿದಿರು ಮೆಳೆಯೊಳಗೆ ಹುಡುಕಿ ಹೋಗುವುದು ಈ ಹವ್ಯಾಸದ ಅತ್ಯಂತ ಅಪಾಯದ ಕೆಲಸವಾಗಿತ್ತು.

ಕರಿಮದ್ದಿನ ದೋಷ ಅದರ ಹೊಗೆ. ಮಳೆಗಾಲ ಮುಗಿದ ಹೊಸತರಲ್ಲಿ, ಗಾಳಿಯಾಡದ ಜೋಯಿಡಾದಂಥ ಕಾಡಿನಲ್ಲಿ, ಒಂದು ಈಡು ಹಾರಿಸಿದರೆ ಮುಂದಿನದು ಕಾಣದಷ್ಟು ಹೊಗೆ ಅಲ್ಲೇ ನಿಲ್ಲುತ್ತದೆ. ಉರಿದ ಮದ್ದಿನ ಮಸಿ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ. ಕುದಿನೀರು ಹುಯ್ದು ತೊಳೆದು, ಒರೆಸಿ, ಎಣ್ಣೆ ಹಚ್ಚಿದ ನಂತರವೇ ಬೇಟೆಗಾರ ಊಟಕ್ಕೆ ಕೂರಬೇಕಿತ್ತು. ಈ ಕಾಲದ ಅನೇಕ ನಳಿಗೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ‘ಡಮಾಸ್ಕಸ್’ ಬಗೆಯವು. ಮೇಲ್ಮೈಯ ಸುರುಳಿ ಚಿತ್ತಾರ ಸೊಗಸಾದದ್ದು. ಆದರೆ ಬೆಸುಗೆಯ ಸಂದಿಗಳಲ್ಲಿ ತುಕ್ಕು ಹಿಡಿದರೆ ಹೊರಗೆ ತಿಳಿಯುವುದಿಲ್ಲ.

ಕಾರ್ಡೈಟ್ ಮತ್ತು .450ರ ನಿಷೇಧ

1889ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸಿದ್ಧವಾದ ಕಾರ್ಡೈಟ್ ಹೊಗೆಯಿಲ್ಲದ ಮದ್ದು. ನೂಲಿನಂಥ ಎಳೆಗಳ ಈ ಮದ್ದು ಕಡಿಮೆ ಜಾಗದಲ್ಲಿ ಹೆಚ್ಚು ಬಲ ಕೊಟ್ಟಿತು. 1898ರಲ್ಲಿ ಜಾನ್ ರಿಗ್ಬಿ ಸಂಸ್ಥೆ ಹೊರತಂದ .450 ನೈಟ್ರೊ (ಹೊಗೆಯಿಲ್ಲದ ಮದ್ದಿನ) ಎಕ್ಸ್‌ಪ್ರೆಸ್ 480 ಗ್ರೇನ್ (ಸುಮಾರು 31 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 2150 ಅಡಿ ವೇಗದಲ್ಲಿ ಕಳಿಸಿತು. 8 ಬೋರಿನ ಕೆಲಸವನ್ನು ಐದು ಕಿಲೋ ತೂಕದ ಕೋವಿ ಮಾಡಿದ್ದು ಬೇಟೆಯ ಜಗತ್ತಿನಲ್ಲಿ ದೊಡ್ಡ ತಿರುವು.

ಆದರೆ ಸರ್ಕಾರಕ್ಕೆ ಬೇರೆ ಚಿಂತೆ. ಸೇನೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ಬಾಯಿಯೂ .450. ಅವು ಎಷ್ಟೋ ಬಂಡುಕೋರರ ಕೈಸೇರಿದ್ದವು. ಬೇಟೆಯ ತೋಟೆಗಳ ಗುಂಡುಗಳೇ ಅವುಗಳಿಗೆ ಮೇವಾಗಬಹುದೆಂಬ ಭಯದಿಂದ 1907ರ ಸುಮಾರಿಗೆ ಭಾರತಕ್ಕೆ .450 ಅಳತೆಯ ಆಮದನ್ನು ನಿಲ್ಲಿಸಲಾಯಿತು. ಇಂಗ್ಲೆಂಡಿನ ಕೋವಿ ಕಂಪನಿಗಳು ಭಾರತದ ಗಿರಾಕಿಯನ್ನು ಕಳೆದುಕೊಳ್ಳಲು ಸಿದ್ಧವಿರಲಿಲ್ಲ. ಹಾಲೆಂಡ್ ಅಂಡ್ ಹಾಲೆಂಡ್ .465, ಜೋಸೆಫ್ ಲ್ಯಾಂಗ್ .470, ವೆಸ್ಟ್ಲಿ ರಿಚರ್ಡ್ಸ್ .476 ಎಂದು ಕೂದಲೆಳೆಯಷ್ಟು ದಪ್ಪ ಬದಲಿಸಿ ಹೊಸ ತೋಟೆಗಳನ್ನು ಹುಟ್ಟಿಸಿದವು. ಬಲದಲ್ಲಿ ಇವೆಲ್ಲ ಅಣ್ಣತಮ್ಮಂದಿರೇ. ಇಂದು ಆಫ್ರಿಕದ ಬೇಟೆಯ ಸಂಕೇತವೆನಿಸಿರುವ .470 ಹುಟ್ಟಿದ್ದಕ್ಕೆ ಭಾರತದ ಒಂದು ಆಮದು ನಿಯಮ ಕಾರಣ ಎಂಬುದನ್ನು ಅಲ್ಲಿನವರು ನೆನೆಯುವುದು ಕಡಿಮೆ.

ಭಾರತದ ಬಿಸಿಲಿಗೂ ಈ ತೋಟೆಗಳ ಆಕಾರಕ್ಕೂ ಸಂಬಂಧವಿದೆ. ಬಿಸಿಯೇರಿದಂತೆ ಕಾರ್ಡೈಟಿನ ಒತ್ತಡ ಏರುತ್ತದೆ; ಖಾಲಿ ತೋಟೆ ಚೇಂಬರಿಗೆ ಕಚ್ಚಿಕೊಂಡು ಹೊರಬರುವುದಿಲ್ಲ. ಎದುರಿಗೆ ಕೋಣವಿದ್ದಾಗ ಇದು ಪ್ರಾಣಕ್ಕೆ ಕುತ್ತು. ಆದ್ದರಿಂದಲೇ ನೈಟ್ರೊ ತೋಟೆಗಳನ್ನು ದೊಡ್ಡ ಹೊಟ್ಟೆಯ, ಕಡಿಮೆ ಒತ್ತಡದವಾಗಿ ಮಾಡಿದರು. ಉಷ್ಣದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ತೋಟೆಗಳೂ ಇದ್ದವು.

ಜೋಡು ನಳಿಗೆಯ ರೈಫಲ್ಲಿನ ಬೆಲೆ ಇರುವುದು ಕೆತ್ತನೆಯಲ್ಲಲ್ಲ, ನಳಿಗೆಗಳ ಜೋಡಣೆಯಲ್ಲಿ. ಎರಡು ನಳಿಗೆಗಳನ್ನು ಸಮಾನಾಂತರವಾಗಿ ಬೆಸೆದರೆ ಎರಡು ಗುಂಡುಗಳು ಬೇರೆ ಬೇರೆ ಕಡೆ ಹೋಗುತ್ತವೆ, ಏಕೆಂದರೆ ಹಿನ್ನೊದೆತ ಕೋವಿಯನ್ನು ಪಕ್ಕಕ್ಕೂ ತಿರುಗಿಸುತ್ತದೆ. ಅದಕ್ಕಾಗಿ ಬಾಯಿಯ ಕಡೆ ಅವು ಸ್ವಲ್ಪ ಕೂಡುವಂತೆ ಇಟ್ಟು, ನಡುವೆ ಬೆಣೆ ಕೊಟ್ಟು, ಹೊಡೆದು ನೋಡಿ, ಬೆಸುಗೆ ಕರಗಿಸಿ, ಬೆಣೆ ಸರಿಸಿ, ಮತ್ತೆ ಹೊಡೆದು ನೋಡುತ್ತಾರೆ. ಒಂದು ನಿರ್ದಿಷ್ಟ ತೋಟೆಗೆ, ಒಂದು ನಿರ್ದಿಷ್ಟ ಉದ್ದಕ್ಕೆ ಆ ಹೊಂದಾಣಿಕೆ ಕೂಡುತ್ತದೆ. ನೈಟ್ರೊ ಕಾಲದ ಜೋಡು ರೈಫಲ್ಲಿನ ನಳಿಗೆ ಬಹುವಾಗಿ 24ರಿಂದ 26 ಇಂಚು, ಕೆಲವು 28. ಅಗುಳಿ ಎಳೆದು ತೋಟೆ ತುಂಬುವ ಬೋಲ್ಟ್ ರೈಫಲ್ಲಿನಲ್ಲಿರುವ ನಾಲ್ಕೈದು ಇಂಚು ಉದ್ದದ ಯಂತ್ರಭಾಗ ಇದರಲ್ಲಿಲ್ಲದ ಕಾರಣ 26 ಇಂಚಿನ ಜೋಡು ನಳಿಗೆಯ ಒಟ್ಟು ಉದ್ದ 22 ಇಂಚಿನ ಬೋಲ್ಟ್ ರೈಫಲ್ಲಿಗೆ ಹತ್ತಿರ. ಅಳತೆಪಟ್ಟಿ ಹಿಡಿದವರು ಇದನ್ನು ಮರೆಯುತ್ತಾರೆ.

ಬೋಲ್ಟ್ ರೈಫಲ್ಲುಗಳು

ಜೋಡು ರೈಫಲ್ ಶ್ರೀಮಂತರ ವಸ್ತು. ಸಂಬಳದ ಅಧಿಕಾರಿಗೆ ಎಟುಕಿದ್ದು ಜರ್ಮನಿ ಮತ್ತು ಆಸ್ಟ್ರಿಯದ ಬೋಲ್ಟ್ ಯಂತ್ರ. ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯ 1898ರ ಮಾದರಿ ಇಂದಿನವರೆಗೂ ಬೇಟೆ ರೈಫಲ್ಲಿನ ತಳಹದಿ. ತೋಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಎಳೆಯುವ ಅದರ ಅಗಲ ಕೊಕ್ಕೆ, ಮಣ್ಣು ತಾಗಿದರೂ ಕೈಕೊಡದ ಗುಣ ಭಾರತದ ಧೂಳಿಗೆ ಒಗ್ಗಿದವು. ಮೌಸರಿನ ಸ್ವಂತ ಬೇಟೆ ಮಾದರಿಗಳಲ್ಲಿ ‘ಬಿ’ಯ ನಳಿಗೆ 60 ಸೆಂ.ಮೀ.; ‘ಎಂ’ ಮಾದರಿಯದು 50 ಸೆಂ.ಮೀ., ಬಾಯಿಯವರೆಗೂ ಮರದ ಹೊದಿಕೆ, ಚಪ್ಪಟೆ ಬೋಲ್ಟ್ ಹಿಡಿ. ಮೌಸರ್ ಯಂತ್ರಗಳನ್ನು ತರಿಸಿ ತಮ್ಮ ನಳಿಗೆ, ಮರ ಕೂಡಿಸಿ ಮಾರಿದ ಇಂಗ್ಲಿಷ್ ಮನೆತನಗಳು ಹಲವು. ರಿಗ್ಬಿಯ .275, ಅದೇ ಸಂಸ್ಥೆಯ 1911ರ .416, ಜೆಫರಿಯ .404, ವೆಸ್ಟ್ಲಿ ರಿಚರ್ಡ್ಸ್‌ನ .318 ಮತ್ತು .425, ಹಾಲೆಂಡ್ ಅಂಡ್ ಹಾಲೆಂಡ್‌ನ 1912ರ .375 ಎಲ್ಲವೂ ಈ ಸಾಲಿನವು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದದ್ದು ರಿಗ್ಬಿ .275. .425ಕ್ಕೆ ವೆಸ್ಟ್ಲಿ ರಿಚರ್ಡ್ಸ್ 28 ಇಂಚಿನ ನಳಿಗೆ ಕೊಟ್ಟಿತು. ತೆರೆದ ಬಯಲಿಗೆ ಅದು ಸರಿ. ದಾಂಡೇಲಿ ಬಳಿಯ ಕುಳಗಿಯ ಬಿದಿರಿನೊಳಗೆ ಅದನ್ನು ಹಿಡಿದು ನುಸುಳಿದರೆ ನಳಿಗೆ ಮೊದಲು ಬಿದಿರಿಗೆ ಬಡಿಯುತ್ತದೆ, ಆ ಸದ್ದಿಗೆ ಕಡವೆ ಕೂಗುತ್ತದೆ.

ಆಸ್ಟ್ರಿಯದ ಸ್ಟೈರ್ ಕಾರ್ಖಾನೆಯ ಮಾನ್‌ಲಿಕರ್-ಶೋನೌವರ್ ಬೇರೆಯೇ ಸೊಬಗಿನದು. 1903ರ ಮಾದರಿಯಲ್ಲಿ 6.5 ಮಿ.ಮೀ. ಬಾಯಿಯ ನಳಿಗೆ ಕೇವಲ 45 ಸೆಂ.ಮೀ., ಅಂದರೆ 18 ಇಂಚಿಗೂ ತುಸು ಕಡಿಮೆ. ಬಳಿಕ ಬಂದ 8, 9 ಮತ್ತು 9.5 ಮಿ.ಮೀ. ಮಾದರಿಗಳದು 50 ಸೆಂ.ಮೀ. ತೋಟೆಗಳು ಒಳಗಿನ ತಿರುಗುಗಾಲಿಯಲ್ಲಿ ಕೂರುವುದರಿಂದ ಬೋಲ್ಟ್ ಬೆಣ್ಣೆಯಲ್ಲಿ ಜಾರಿದಷ್ಟು ನಯ. ತೂಕ ಸುಮಾರು ಮೂರು ಕಿಲೋ. ಹಲವು ಕೋವಿಗಳಿಗೆ ಎರಡು ಟ್ರಿಗರ್: ಹಿಂದಿನದನ್ನು ಎಳೆದರೆ ಮುಂದಿನದು ಮುಟ್ಟಿದರೆ ಸಾಕೆಂಬಷ್ಟು ಹಗುರಾಗುತ್ತದೆ. ಆಲ್ಪ್ಸ್ ಬೆಟ್ಟಕ್ಕೆಂದು ಹುಟ್ಟಿದ ಕೋವಿ ಇದು. ಆದರೂ ಕಾಳಿ ಸೀಮೆಯ ಒತ್ತುಗಾಡಿಗೆ, ಕಡವೆ, ಹಂದಿ, ಚಿರತೆಗಳ ಮಟ್ಟಿಗೆ, ಯುರೋಪು ಮಾಡಿದ ಕೋವಿಗಳಲ್ಲಿ ಇದಕ್ಕಿಂತ ಒಗ್ಗುವುದು ಇನ್ನೊಂದಿಲ್ಲ ಎಂದರೆ ತಪ್ಪಾಗದು. ಕಾಡುಕೋಣಕ್ಕೆ ಮಾತ್ರ ಅದರ ಬಲ ಸಾಲದು.

ಮಾನ್‌ಲಿಕರ್ ಹೆಸರಿಗೆ ಭಾರತದಲ್ಲಿ ಇನ್ನೊಂದು ಉಳಿಕೆಯಿದೆ. ಸೇನೆಯ .303 ತೋಟೆ ಖಾಸಗಿಯವರಿಗೆ ನಿಷಿದ್ಧವಾದಾಗ ಆಸ್ಟ್ರಿಯದ ಹಳೆಯ 8 ಮಿ.ಮೀ. ಮಾನ್‌ಲಿಕರ್ ತೋಟೆ .315 ಎಂಬ ಹೆಸರಿನಲ್ಲಿ ಇಲ್ಲಿ ನೆಲೆಯೂರಿತು. ಸ್ವಾತಂತ್ರ್ಯಾನಂತರ ಇಚ್ಛಾಪುರದ ಸರ್ಕಾರಿ ಕಾರ್ಖಾನೆಯೂ ಇದೇ ತೋಟೆಗೆ ರೈಫಲ್ ಮಾಡಿತು. ಬ್ಯಾಂಕಿನ ಕಾವಲುಗಾರನ ಕೈಯಲ್ಲಿ ಇಂದು ಕಾಣುವ .315ರ ಮೂಲಪುರುಷ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ ಸಿಪಾಯಿಯ ತೋಟೆ.

ಕನ್ನಡ ಓದುಗರಿಗೆ ರೈಫಲ್ ಎಂದರೆ ಮೊದಲು ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್. ಅದು ಅಮೆರಿಕದ್ದಾದ್ದರಿಂದ ಈ ಲೇಖನದ ಹೊರಗೆ ಉಳಿಯುತ್ತದೆ.

ಉದ್ದದಿಂದ ಆಗುವುದೇನು?

ಮದ್ದಿನ ಅನಿಲ ಗುಂಡನ್ನು ನಳಿಗೆಯೊಳಗೆ ಇರುವವರೆಗೂ ತಳ್ಳುತ್ತದೆ. ನಳಿಗೆ ಒಂದು ಇಂಚು ಉದ್ದವಾದರೆ ಮಧ್ಯಮ ಬಲದ ನೈಟ್ರೊ ತೋಟೆಯಲ್ಲಿ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವೇಗ ಕೂಡಬಹುದು. 24 ಇಂಚಿನ ಬದಲು 28 ಇಂಚು ಇಟ್ಟರೆ ಲಾಭ ನೂರಡಿ ಆಸುಪಾಸು. ಇನ್ನೂರು ಗಜದ ಆಚೆ ಇದಕ್ಕೆ ಅರ್ಥವಿದೆ. ನಲವತ್ತು ಗಜದಲ್ಲಿ ಪ್ರಾಣಿಗೂ ಬೇಟೆಗಾರನಿಗೂ ವ್ಯತ್ಯಾಸ ತಿಳಿಯದು. ತೋಟೆ ಕಂಪನಿಗಳು ವೇಗ ಅಳೆದು ಪ್ರಕಟಿಸಿದ್ದು ಉದ್ದನೆಯ ಪರೀಕ್ಷಾ ನಳಿಗೆಗಳಿಂದ. ಆದ್ದರಿಂದ ಕ್ಯಾಟಲಾಗಿನ ಅಂಕಿ ಗಿರಾಕಿಯ ಕೋವಿಯಲ್ಲಿ ದಕ್ಕುತ್ತಿರಲಿಲ್ಲ. ಉದ್ದದ ಇನ್ನೊಂದು ಲಾಭ ಮುಂದಿನ ಗುರಿಮಣಿಗೂ ಹಿಂದಿನ ಗುರಿಯೆಲೆಗೂ ನಡುವಿನ ಅಂತರ ಹೆಚ್ಚುವುದು. ಬರಿಗಣ್ಣಿನ ಗುರಿ ಸೂಕ್ಷ್ಮವಾಗುತ್ತದೆ. ಕಿವಿಗೆ ಬಡಿಯುವ ಸದ್ದೂ ಬಾಯಿಯ ಬೆಂಕಿಯೂ ತಗ್ಗುತ್ತವೆ. ನಷ್ಟದ ಕಡೆಗೆ ತೂಕ, ಮುಂಭಾರ ಮತ್ತು ಅಟ್ಟಣಿಗೆಯಲ್ಲಿ ಕೂತವನಿಗೆ ಕೋವಿ ತಿರುಗಿಸಲು ಆಗದ ಇಕ್ಕಟ್ಟು. ಸೋವುವವರು ಪ್ರಾಣಿಯನ್ನು ಎಬ್ಬಿಸಿ ಅಟ್ಟಿದಾಗ ಅದು ಕಂಡಿಯಲ್ಲಿ ಹಾಯುವುದು ಎರಡು ಮೂರು ಸೆಕೆಂಡು. ಆಗ ಬೇಕಾದದ್ದು ಹೆಗಲಿಗೆ ಬೇಗ ಏರುವ ಕೋವಿ. ನಿತ್ಯಹಸುರಿನ ಜೋಯಿಡಾಕ್ಕೆ 20ರಿಂದ 24 ಇಂಚು, ಹಳಿಯಾಳ-ಮುಂಡಗೋಡದ ಬಯಲಂಚಿಗೆ 24ರಿಂದ 26 ಇಂಚು ಸಾಕಾಗಿತ್ತು.

ಭಾರತಕ್ಕೆಂದು ಮಾಡಿದ ರೈಫಲ್ಲುಗಳ ಉಳಿದ ಅಂಗಗಳಲ್ಲೂ ಇದೇ ಅನುಭವ ಮಾತಾಡುತ್ತದೆ. ನೂರು, ಇನ್ನೂರು, ಮುನ್ನೂರು ಗಜಕ್ಕೆ ಎತ್ತಿ ಮಡಿಸುವ ಹಿಂಗುರಿಯ ಎಲೆಗಳು. ಮುಸ್ಸಂಜೆಯಲ್ಲಿ ಕಾಣಲೆಂದು ದಂತದ ದೊಡ್ಡ ಮಣಿ. ಹೆಗಲಪಟ್ಟಿಯ ಕೊಂಡಿಯನ್ನು ಮರಕ್ಕಲ್ಲದೆ ನಳಿಗೆಗೇ ಹಾಕಿದ್ದು, ಏಕೆಂದರೆ ಹಿನ್ನೊದೆತಕ್ಕೆ ಕೊಂಡಿ ಎಡಗೈಯನ್ನು ಸೀಳುತ್ತದೆ. ಬಿಡಿಭಾಗ ಇಡಲು ಬಟ್ಟಿನೊಳಗೆ ಮುಚ್ಚಳದ ಗೂಡು. ಮುನ್ನೂರು ಗಜದ ಎಲೆ ಈ ಕಾಡಿನಲ್ಲಿ ಬಹುಪಾಲು ಅಲಂಕಾರ.

ಪ್ಯಾರಡಾಕ್ಸ್

ಕಾಡುಕೋಳಿ-ಕಾಡುಕೋಣದ ತಲೆಬಿಸಿಗೆ ಜಾಣ ಉತ್ತರ ಕೊಟ್ಟವನು ಭಾರತದ ಸೇನೆಯಲ್ಲಿದ್ದ ಕರ್ನಲ್ ಜಾರ್ಜ್ ಫಾಸ್ಬರಿ. 1885ರಲ್ಲಿ ಅವನು ಪೇಟೆಂಟ್ ಪಡೆದ ‘ಪ್ಯಾರಡಾಕ್ಸ್’ ನೋಡಲು ಜೋಡು ನಳಿಗೆಯ ಚರೆ ಕೋವಿ. ಬಾಯಿಯ ಕೊನೆಯ ಎರಡು ಇಂಚಿನಷ್ಟು ಮಾತ್ರ ಸುರುಳಿ ಗೀರು. ಚರೆ ತುಂಬಿದರೆ ಹಕ್ಕಿಗೆ, ಒಂಟಿ ಗುಂಡು ತುಂಬಿದರೆ ನೂರು ಗಜದೊಳಗಿನ ದೊಡ್ಡ ಪ್ರಾಣಿಗೆ. ಹಾಲೆಂಡ್ ಅಂಡ್ ಹಾಲೆಂಡ್ ಇದನ್ನು ಮಾಡಿ ಮಾರಿತು; ಪೇಟೆಂಟ್ ಮುಗಿದ ಮೇಲೆ ವೆಸ್ಟ್ಲಿ ರಿಚರ್ಡ್ಸ್ ‘ಎಕ್ಸ್‌ಪ್ಲೋರಾ’ ಎಂದು ತನ್ನದನ್ನು ತಂದಿತು. ನಳಿಗೆ ಸಾಮಾನ್ಯವಾಗಿ 28 ಇಂಚು. ಹಕ್ಕಿ ಹೊಡೆಯಲು ಆ ಉದ್ದ ಬೇಕು. ಒಂದೇ ಕೋವಿಯೊಂದಿಗೆ ಪ್ರವಾಸ ಹೊರಡುವ ಅರಣ್ಯಾಧಿಕಾರಿಗೆ ಇದಕ್ಕಿಂತ ಒದಗುವುದು ಇರಲಿಲ್ಲ.

ನಳಿಗೆಯ ಮೇಲಿನ ಗುರುತುಗಳು

ಹಳೆಯ ರೈಫಲ್ಲಿನ ಜಾತಕ ನಳಿಗೆಯ ಅಡಿಯಲ್ಲಿ ಕೊರೆದಿರುತ್ತದೆ. ಮುಂದಿನ ಮರ ಬಿಚ್ಚಿ ನೋಡಬೇಕು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯಗಳು ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ ಕಿರೀಟದ ಮುದ್ರೆ ಒತ್ತುತ್ತಿದ್ದವು. ಜತೆಗೆ ಕಾರ್ಡೈಟ್ ಎಷ್ಟು, ಗುಂಡಿನ ತೂಕ ಎಷ್ಟು ಎಂಬ ಮಿತಿಯೂ ಇರುತ್ತದೆ. ದೀರ್ಘವೃತ್ತದೊಳಗೆ ಇ, ಎಲ್, ಜಿ ಅಕ್ಷರಗಳಿದ್ದರೆ ಅದು ಬೆಲ್ಜಿಯಂನ ಲೀಜ್ ನಗರದ್ದು. ಇಂಗ್ಲಿಷ್ ಹೆಸರು ಕೆತ್ತಿದ ಅಗ್ಗದ ಕೋವಿಯಲ್ಲಿ ಲೀಜ್ ಮುದ್ರೆ ಸಿಕ್ಕರೆ ಆಶ್ಚರ್ಯ ಬೇಡ. ಜರ್ಮನ್ ನಳಿಗೆಗಳಲ್ಲಿ ಕಿರೀಟದಡಿಯ ಎನ್ ಅಕ್ಷರ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದನ್ನು ಹೇಳುತ್ತದೆ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆಯಲ್ಲಿ ಇಂದಿನ ತೋಟೆ ಹಾರಿಸಿದರೆ ನಳಿಗೆ ಸಿಡಿಯಬಹುದು.

ಇಂದಿನ ಸ್ಥಿತಿ

1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮ ಘೋಷಣೆಯಾಯಿತು. 1970ರಲ್ಲಿ ಹುಲಿ ಬೇಟೆ ನಿಂತಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಿಗಿ ಕಡಿವಾಣ ಹಾಕಿತು. ದಾಂಡೇಲಿ ಮತ್ತು ಅಣಶಿ ಕೂಡಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಗಿ, 2015ರಲ್ಲಿ ಕಾಳಿ ಹೆಸರು ಪಡೆಯಿತು. ಇಂಗ್ಲೆಂಡಿನ ಕೈನಾಕ್ ಸಂಸ್ಥೆ ದೊಡ್ಡ ತೋಟೆಗಳ ತಯಾರಿಕೆಯನ್ನು 1960ರ ದಶಕದಲ್ಲೇ ಕೈಬಿಟ್ಟಿದ್ದರಿಂದ ಉಳಿದ ನೈಟ್ರೊ ರೈಫಲ್ಲುಗಳು ಮೂಕವಾದವು. ಈಗ ಈ ತಾಲ್ಲೂಕುಗಳ ರೈತರ ಮನೆಯಲ್ಲಿರುವುದು ಹೆಚ್ಚಾಗಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ಅಥವಾ ಜೋಡು ನಳಿಗೆ ಕೋವಿ. ಚುನಾವಣೆ ಬಂದಾಗ ಅದೂ ಪೊಲೀಸ್ ಠಾಣೆ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಎರಡು.

ಅಜ್ಜನ ಕಾಲದ ರೈಫಲ್ ಮನೆಯಲ್ಲಿ ಉಳಿದವರು ಅದನ್ನು ಹಾರಿಸಿ ನೋಡುವ ಆಸೆ ಬಿಡುವುದು ಒಳ್ಳೆಯದು. ಪರವಾನಗಿ ವಾರಸುದಾರರ ಹೆಸರಿಗೆ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬಾಯಿ ತುಕ್ಕು ಹಿಡಿದಿದೆಯೆಂದು ನಳಿಗೆಯನ್ನು ಕೊಯ್ಯಿಸಲೂ ಬಾರದು. ಜೋಡು ನಳಿಗೆಯ ಹೊಂದಾಣಿಕೆ ಅದರಿಂದ ಶಾಶ್ವತವಾಗಿ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಪರವಾನಗಿಯಿಲ್ಲದೆ ಕೋವಿಯ ನಳಿಗೆಯನ್ನು ಗಿಡ್ಡ ಮಾಡುವುದು 1959ರ ಆಯುಧ ಕಾಯ್ದೆಯ 6ನೆಯ ಕಲಮಿನ ಪ್ರಕಾರ ನಿಷಿದ್ಧ.